ಕೋವಿಡ್ ಚೇತರಿಕೆಯ ಹಣ ನಮ್ಮ ನಗರಸಭೆಗೆ ಯಾವ ದಾರಿಯಲ್ಲಿ ಬಂತು?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರ ಊರಿನಲ್ಲಿ ನಗರಾಡಳಿತವೇ ಕೋವಿಡ್ ಚೇತರಿಕೆ ನಿಧಿಯಿಂದ ಸಣ್ಣ ಅಂಗಡಿ, ಹೋಟೆಲುಗಳಿಗೆ ಹಣ ಕೊಟ್ಟಿದೆಯಂತೆ. ಶಿರಸಿ, ಕಾರವಾರದ ನಗರಸಭೆಗಳಿಗೂ ಅಂಥ ನಿಧಿ ಬಂದಿತ್ತೇ? ಬಂದಿದ್ದರೆ ಹೋಯಿತೆಲ್ಲಿ? ನಮ್ಮ ಪೇಟೆಯ ಸಣ್ಣ ವ್ಯಾಪಾರಿಗಳು ಈಗಲೂ ಏನಾದರೂ ಕೇಳಬಹುದೇ? ಕೇಳುವುದಾದರೆ ಯಾರನ್ನು?
(ಓದುಗರು, ಶಿರಸಿ)

ಉತ್ತರ: ‘ಕೋವಿಡ್ ನಿಧಿ’ ಎಂಬ ಒಂದೇ ಖಾತೆಯನ್ನು ಹುಡುಕಿಕೊಂಡು ನಗರಸಭೆಗೆ ಹೋದರೆ ಬರಿಗೈಯಲ್ಲಿ ವಾಪಸಾಗುತ್ತೀರಿ. ಹಣ ಬರಲಿಲ್ಲ ಎಂದಲ್ಲ. ಅದು ನಾಲ್ಕಾರು ಕೊಳವೆಗಳಲ್ಲಿ ಹರಿದು ಬಂತು, ಹೆಚ್ಚಿನ ಕೊಳವೆಗಳು ನಗರಸಭೆಯ ಅಂಗಳಕ್ಕೆ ಬಾರದೆ ಬ್ಯಾಂಕಿಗೋ ಇಲಾಖೆಗೋ ನೇರವಾಗಿ ಹೋದವು. ನಗರಸಭೆಯ ಕೈಯಲ್ಲಿ ಉಳಿದದ್ದು ಸ್ವಲ್ಪ ನಗದು, ಮತ್ತೆ ಪೇಟೆಯ ಜಾಗ ಹಾಗೂ ವ್ಯಾಪಾರಿಯ ಗುರುತಿನ ಚೀಟಿ. ಸಣ್ಣ ವ್ಯಾಪಾರಿಗೆ ಈ ಕೊನೆಯ ಎರಡೇ ಹೆಚ್ಚು ಬೆಲೆಬಾಳುವಂಥವು. ನಮ್ಮ ಜನ ಕೇಳುವುದು ಮಾತ್ರ ನಗದನ್ನು.

ಮೊದಲು ನಿಮ್ಮ ಸಂಬಂಧಿಕರ ಊರಿನ ಲೆಕ್ಕ. ಅಲ್ಲಿ 2021ರ ಮಾರ್ಚ್ 11ರಂದು ಸಹಿಯಾದ ಅಮೆರಿಕನ್ ರೆಸ್ಕ್ಯೂ ಪ್ಲ್ಯಾನ್ ಕಾಯ್ದೆಯಡಿ ರಾಜ್ಯಗಳಿಗೂ ಸ್ಥಳೀಯ ಸರ್ಕಾರಗಳಿಗೂ ಸೇರಿ 350 ಶತಕೋಟಿ ಡಾಲರ್ ತೆಗೆದಿಟ್ಟರು. ದೊಡ್ಡ ನಗರಗಳಿಗೆ ಖಜಾನೆಯಿಂದ ನೇರವಾಗಿ ಬಂತು. 50,000ಕ್ಕಿಂತ ಕಡಿಮೆ ಜನಸಂಖ್ಯೆಯ ಬಹುತೇಕ ಊರುಗಳಿಗೆ ರಾಜ್ಯದ ಮೂಲಕ ಬಂತು. 2024ರ ಡಿಸೆಂಬರ್ 31ರೊಳಗೆ ಹಣವನ್ನು ಒಪ್ಪಂದ ಅಥವಾ ಆದೇಶದ ಮೂಲಕ ಇಂಥ ಕೆಲಸಕ್ಕೆಂದು ಗೊತ್ತುಮಾಡಬೇಕು, 2026ರ ಡಿಸೆಂಬರ್ 31ರೊಳಗೆ ಖರ್ಚು ಮುಗಿಸಬೇಕು ಎಂಬುದು ಷರತ್ತು. ಹಳೆಯ ಸಾಲ ತೀರಿಸಲು, ಪಿಂಚಣಿ ನಿಧಿಗೆ ಸುರಿಯಲು ಅವಕಾಶವಿಲ್ಲ. ಅಂಗಡಿಗೆ ಅನುದಾನ ಕೊಡುವುದಾದರೆ ಆ ಅಂಗಡಿಗೆ ಸಾಂಕ್ರಾಮಿಕದಿಂದ ಏನು ಪೆಟ್ಟು ಬಿತ್ತು, ಕೊಟ್ಟ ನೆರವು ಆ ಪೆಟ್ಟಿಗೆ ತಕ್ಕ ಅಳತೆಯದೇ ಎಂದು ಕಡತದಲ್ಲಿ ತೋರಿಸಬೇಕು. ಆದರೆ ‘ಕಳೆದುಹೋದ ಆದಾಯ’ ಎಂಬ ಇನ್ನೊಂದು ಬಾಗಿಲೂ ಇತ್ತು. ತನಗೆ ಬಂದ ಮೊತ್ತವನ್ನು ಮೀರದಂತೆ 1 ಕೋಟಿ ಡಾಲರ್‌ವರೆಗೆ ನಗರವೊಂದು ಲೆಕ್ಕಾಚಾರವಿಲ್ಲದೆಯೇ ಆದಾಯ ನಷ್ಟವೆಂದು ಘೋಷಿಸಿ, ಸಾಮಾನ್ಯ ಸರ್ಕಾರಿ ಸೇವೆ ಎನ್ನಿಸಿಕೊಳ್ಳುವ ಯಾವುದಕ್ಕೂ ಬಳಸಬಹುದಿತ್ತು. ಸಣ್ಣ ಊರುಗಳಿಗೆ ಇದೇ ಸುಲಭದ ದಾರಿ. ಅಲ್ಲಿನ ನಗರಕ್ಕೆ ಸಿಕ್ಕ ಈ ಸ್ವಾತಂತ್ರ್ಯ ನಮ್ಮ ನಗರಸಭೆಗೆ ಸಿಗಲಿಲ್ಲ.

ನಮ್ಮಲ್ಲಿ ನಗರಸಭೆಯ ಖಾತೆಗೇ ಬಿದ್ದ ಮುಖ್ಯ ಹಣ, ಕೇಂದ್ರದ ಹಣದಲ್ಲಿ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಪಾಲು ಹೇಳುವ 15ನೇ ಹಣಕಾಸು ಆಯೋಗದ್ದು. 2021ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಐದು ವರ್ಷಕ್ಕೆ ದೇಶದ ನಗರ ಸ್ಥಳೀಯ ಸಂಸ್ಥೆಗಳಿಗೆ ಆಯೋಗ ಹೇಳಿದ್ದು ₹1,21,055 ಕೋಟಿ. ಆರೋಗ್ಯಕ್ಕೆಂದೇ ಸ್ಥಳೀಯ ಸಂಸ್ಥೆಗಳ ಮೂಲಕ ಇನ್ನೂ ₹70,051 ಕೋಟಿ ಇಟ್ಟಿತು. ಅದು ಪೇಟೆಯ ಆರ್ಥಿಕತೆಗೆ ನೇರ ಸಂಬಂಧಿಸಿದ್ದಲ್ಲ, ಆದ್ದರಿಂದ ಇಲ್ಲಿಗೇ ಬಿಡೋಣ. ಶಿರಸಿ, ಕಾರವಾರ, ದಾಂಡೇಲಿಯಂಥ ಹತ್ತು ಲಕ್ಷ ದಾಟದ ಊರುಗಳಿಗೆ ಬರುವ ಪಾಲಿನಲ್ಲಿ ಶೇ 40 ಮಾತ್ರ ಮುಕ್ತ. ಉಳಿದ ಶೇ 60 ಕಟ್ಟಿಹಾಕಿದ ಹಣ: ಶೇ 30 ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ, ಶೇ 30 ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ. ಉದಾಹರಣೆಗೆ ವರ್ಷಕ್ಕೆ ₹2 ಕೋಟಿ ಬಂತೆಂದು ಹಿಡಿದರೆ ಸದಸ್ಯರು ಚರ್ಚಿಸಿ ತೀರ್ಮಾನಿಸಬಹುದಾದದ್ದು ₹80 ಲಕ್ಷ. ಅದರಲ್ಲೂ ಸಂಬಳ, ಆಡಳಿತ ವೆಚ್ಚಕ್ಕೆ ಕೈ ಹಾಕುವಂತಿಲ್ಲ. ಹಿಂದಿನ ವರ್ಷಗಳ ಲೆಕ್ಕಪತ್ರ ಆನ್‌ಲೈನಿನಲ್ಲಿ ಪ್ರಕಟವಾಗದಿದ್ದರೆ, ಆಸ್ತಿ ತೆರಿಗೆಯ ಕನಿಷ್ಠ ದರ ಅಧಿಸೂಚನೆಯಾಗಿ ವಸೂಲಿ ಏರದಿದ್ದರೆ ಕಂತೇ ಬರುವುದಿಲ್ಲ. ಪೇಟೆಯ ಚರಂಡಿಗೆ ಹಣವಿಲ್ಲ ಎಂದು ಗೊಣಗುವ ವರ್ತಕರೇ ಮಳಿಗೆಯ ತೆರಿಗೆ ಉಳಿಸಿಕೊಂಡಿರುತ್ತಾರೆ ಎಂಬುದನ್ನು ಸಭೆಯಲ್ಲಿ ಯಾರಾದರೂ ಎತ್ತಿದರೆ ನಿಮ್ಮ ಬಳಿ ಉತ್ತರವಿರಲಿ.

ಹಾಗಾದರೆ ಈ ಹಣದಿಂದ ಅಂಗಡಿಕಾರನಿಗೆ ನೇರ ಅನುದಾನ? ಇಲ್ಲ. ಇದು ಸಾರ್ವಜನಿಕ ಆಸ್ತಿ, ಸೇವೆಗಳಿಗೆ ಮೀಸಲಾದ ಹಣ. ಖಾಸಗಿ ಖಾತೆಗೆ ಹೋಗುವುದಿಲ್ಲ. ಆದರೆ ಪೇಟೆಯ ನೆಲ, ನೀರು, ಬೆಳಕು, ಚರಂಡಿ, ಶೌಚಾಲಯ ಸರಿಯಾದರೆ ವ್ಯಾಪಾರ ಏಳುತ್ತದೆ. ಇಲ್ಲಿ ಒಂದು ಕೀಲಿ ಇದೆ. ಸಂತೆಮಾಳ ಅಥವಾ ಮೀನುಪೇಟೆ ಸುಧಾರಣೆಯನ್ನು ಪೂರಾ ಮುಕ್ತ ನಿಧಿಯ ಮೇಲೆ ಹೇರಿದರೆ ಅದು ಇತರ ವಾರ್ಡುಗಳ ರಸ್ತೆಗಳೊಡನೆ ಜಗಳಕ್ಕೆ ನಿಂತು ಸೋಲುತ್ತದೆ. ಅದೇ ಕಾಮಗಾರಿಯನ್ನು ಒಂದೇ ಅಂದಾಜುಪಟ್ಟಿಯಲ್ಲಿಟ್ಟು ಮೂರು ಶೀರ್ಷಿಕೆಗೆ ಹಂಚಬಹುದು. ನಲ್ಲಿ, ಟ್ಯಾಂಕು, ಚಾವಣಿಯ ಮಳೆನೀರು ಸಂಗ್ರಹ, ತೊಳೆದ ನೀರಿನ ಮರುಬಳಕೆ ನೀರಿನ ಪಾಲಿಗೆ. ಹೆಣ್ಣುಮಕ್ಕಳ ಶೌಚಾಲಯ, ಮೀನುತ್ಯಾಜ್ಯದ ಸಂಗ್ರಹ ಮತ್ತು ವಿಲೇವಾರಿ ನೈರ್ಮಲ್ಯದ ಪಾಲಿಗೆ. ಕಟ್ಟೆ, ಚಾವಣಿ, ದೀಪ ಮಾತ್ರ ಮುಕ್ತ ನಿಧಿಗೆ. ಕಟ್ಟಿಹಾಕಿದ ಹಣ ಖರ್ಚಾಗದೆ ಕೂತಿರುವುದೇ ಹೆಚ್ಚು. ಎಂಜಿನಿಯರಿಗೂ ಇದು ಒಗ್ಗುತ್ತದೆ. ಒಂದು ಎಚ್ಚರ: ನಿಧಿಯ ಮೂಲವನ್ನು ಹಂಚುವುದು ಬೇರೆ, ಟೆಂಡರ್ ತಪ್ಪಿಸಲು ಕಾಮಗಾರಿಯನ್ನೇ ತುಂಡು ಮಾಡುವುದು ಬೇರೆ. ಎರಡನೆಯದು ಸರ್ಕಾರಿ ಖರೀದಿ, ಟೆಂಡರುಗಳ ಕುರಿತ 1999ರ ಪಾರದರ್ಶಕತೆ ಕಾಯ್ದೆಯಡಿ ಆಕ್ಷೇಪಕ್ಕೆ ಗುರಿಯಾಗುತ್ತದೆ, ಲೆಕ್ಕಪರಿಶೋಧನೆಯಲ್ಲಿ ವರ್ಷಗಟ್ಟಲೆ ಕಾಡುತ್ತದೆ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರು ಅಂದಾಜುಪಟ್ಟಿಯ ಇನ್ನೊಂದು ಸಾಲನ್ನು ಕಣ್ಣಿಟ್ಟು ನೋಡಬೇಕು. ಒಳನಾಡಿನ ಮಾದರಿಯನ್ನು ಹಾಗೇ ನಕಲು ಮಾಡಿದ ಕಾಂಕ್ರೀಟು ಕಡಲಗಾಳಿಗೆ ನಿಲ್ಲುವುದಿಲ್ಲ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಕರಾವಳಿ ವಾತಾವರಣಕ್ಕೆ ತೆರೆದ ಸಲಾಕೆ ಕಾಂಕ್ರೀಟು ಕನಿಷ್ಠ ಎಂ30 ದರ್ಜೆಯದಾಗಿರಬೇಕು (ಸಂಖ್ಯೆ ಹೆಚ್ಚಿದಷ್ಟೂ ಬಲ ಹೆಚ್ಚು), ಸಲಾಕೆಯ ಮೇಲಿನ ಹೊದಿಕೆ 45 ಮಿ.ಮೀ. ಇರಬೇಕು. ಉಪ್ಪುನೀರಿನ ಸಿಂಚನ ತಾಗುವ ಕಡೆ ಎಂ35 ಮತ್ತು 50 ಮಿ.ಮೀ. ಪಟ್ಟಿಯಲ್ಲಿ ಎಂ20, 25 ಮಿ.ಮೀ. ಎಂದಿದ್ದರೆ ಕೆಲವೇ ಮಳೆಗಾಲದಲ್ಲಿ ಸಲಾಕೆ ತುಕ್ಕು ಹಿಡಿದು ಉಬ್ಬಿ, ಕಟ್ಟೆಯ ಅಂಚು ಒಡೆದು ಬೀಳುತ್ತದೆ. ಮೀನುಪೇಟೆಯ ಕಬ್ಬಿಣದ ಚಾವಣಿಗೂ ಇದೇ ಮಾತು. ಮೀನು ಮಾರುವ ಕಟ್ಟೆಗೆ ನಯವಾದ ಗ್ರಾನೈಟು ಅಥವಾ ಸ್ಟೇನ್‌ಲೆಸ್ ಸ್ಟೀಲು ಹಾಕಿಸಿ, ಸಾದಾ ಟೈಲ್ಸು ಬೇಡ. ಸಂದಿನಲ್ಲಿ ರಕ್ತ ಕೂತು ನಾರುತ್ತದೆ. ನೆಲ ಚರಂಡಿಯ ಕಡೆ ಇಳಿಜಾರಾಗಿರಲಿ, ಚರಂಡಿಯ ಮುಚ್ಚಳ ಎತ್ತಿ ತೊಳೆಯುವಂತಿರಲಿ. ಕೂತು ಮಾರುವವರ ಅಭಿಪ್ರಾಯ ಕೇಳದೆ ಕಟ್ಟಿದ ಎತ್ತರದ ಕಟ್ಟೆಗಳನ್ನು ಬಿಟ್ಟು ಹೆಂಗಸರು ಮತ್ತೆ ರಸ್ತೆಬದಿಗೆ ಬಂದು ಕೂರುತ್ತಾರೆ. ಆಗ ‘ಕಟ್ಟಿಕೊಟ್ಟರೂ ಬರುವುದಿಲ್ಲ’ ಎಂಬ ದೂರು ಅವರ ಮೇಲೆಯೇ. ಗಿರಾಕಿ ನಡೆದು ಹೋಗುವ ದಾರಿಯಿಂದ ಪೇಟೆ ಐವತ್ತು ಹೆಜ್ಜೆ ಒಳಗೆ ಸರಿದರೂ ವ್ಯಾಪಾರ ಬೀಳುತ್ತದೆ ಎಂಬುದು ಅವರಿಗೆ ಗೊತ್ತು, ನಕ್ಷೆ ಬರೆದವರಿಗೆ ಗೊತ್ತಿರುವುದಿಲ್ಲ.

ಈಗ ಚೀಟಿಯ ವಿಷಯ, ನನ್ನ ಪ್ರಕಾರ ಇದೇ ಮುಖ್ಯ. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ₹1,250 ಕೋಟಿಯ ಪರಿಹಾರ ಘೋಷಿಸಿ ಬೀದಿಬದಿ ವ್ಯಾಪಾರಿಗಳಿಗೆ ತಲಾ ₹2,000 ಎಂದಿತು. ಸಿಕ್ಕಿದ್ದು ನೋಂದಣಿ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಅದಕ್ಕೂ ಮೊದಲು, 2020ರ ಜೂನ್ 1ರಂದು ಬೀದಿಬದಿ ವ್ಯಾಪಾರಿಗಳಿಗಾಗಿ ಕೇಂದ್ರ ಶುರುಮಾಡಿದ ಪಿಎಂ ಸ್ವನಿಧಿ ಸಾಲಕ್ಕೂ ಕೇಳಿದ್ದು ಅದೇ: ನಗರಸಭೆಯ ಸಮೀಕ್ಷೆಯಲ್ಲಿ ಹೆಸರು, ಗುರುತಿನ ಚೀಟಿ, ಇಲ್ಲವೇ ವ್ಯಾಪಾರ ಪ್ರಮಾಣಪತ್ರ. ಸಮೀಕ್ಷೆಯಲ್ಲಿ ಬಿಟ್ಟುಹೋದವರಿಗೆ ನಗರಸಭೆಯ ಶಿಫಾರಸು ಪತ್ರ. ಹಣ ದಿಲ್ಲಿಯದು, ಸಾಲ ಬ್ಯಾಂಕಿನದು, ಆದರೂ ಬೀಗದ ಕೈ ನಗರಸಭೆಯ ಸಮುದಾಯ ಸಂಘಟಕರ ಮೇಜಿನ ಮೇಲಿತ್ತು.

ಆ ಸಾಲದ ಲೆಕ್ಕ ಬಿಡಿಸಿ ಹೇಳುತ್ತೇನೆ, ಏಕೆಂದರೆ ‘ಹತ್ತು ಸಾವಿರದಲ್ಲಿ ಏನಾಗುತ್ತದೆ’ ಎಂದು ಮೂಗು ಮುರಿಯುವವರು ಬಹಳ. ಮೊದಲ ಹಂತದಲ್ಲಿ ₹10,000, 12 ಕಂತು, ಅಡಮಾನ ಇಲ್ಲ. ಬಡ್ಡಿ ಶೇ 12 ಎಂದು ಹಿಡಿದರೆ ತಿಂಗಳ ಕಂತು ಸುಮಾರು ₹888, ವರ್ಷದ ಒಟ್ಟು ಬಡ್ಡಿ ₹662ರ ಆಸುಪಾಸು. ಆ ಶೇ 12ರ ಬಡ್ಡಿಯಲ್ಲಿ ಶೇ 7ರ ಭಾಗ ಸಹಾಯಧನ, ಅಂದರೆ ಸುಮಾರು ₹386, ಖಾತೆಗೆ ವಾಪಸು ಬರುತ್ತದೆ. ಉಳಿದದ್ದು ₹276. ಫೋನಿನ ಕ್ಯೂಆರ್ ಮೂಲಕ ಹಣ ಪಡೆದರೆ ತಿಂಗಳಿಗೆ ₹100ರವರೆಗೆ ಕ್ಯಾಶ್‌ಬ್ಯಾಕ್ ಇತ್ತು. ಮೂರು ತಿಂಗಳ ಕ್ಯಾಶ್‌ಬ್ಯಾಕ್ ಪೂರಾ ಬಂದರೆ ಬಡ್ಡಿಯೇ ಇಲ್ಲ ಎಂದಾಯಿತು. ಬೆಳಗಿನ ಜಾವ ಬಂದರಿನ ಹರಾಜಿಗೆ ಕೈಸಾಲ ತಂದು ಸಂಜೆ ಬಡ್ಡಿಸಮೇತ ತಿರುಗಿಸುವ ಮೀನು ಮಾರುವ ಹೆಂಗಸಿಗೆ ಇದರ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ. ಮೊದಲ ಸಾಲ ತೀರಿಸಿದವರಿಗೆ ₹20,000, ಆಮೇಲೆ ₹50,000 ಸಿಗುತ್ತಿತ್ತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಯೋಜನೆಯನ್ನು ಪುನರ್ರಚಿಸಿ ಸಾಲದ ಅವಧಿಯನ್ನು 2030ರ ಮಾರ್ಚ್ 31ರವರೆಗೆ ಮುಂದುವರಿಸಿತು. ಮೊದಲ ಹಂತದ ಸಾಲ ₹15,000ಕ್ಕೆ, ಎರಡನೆಯದು ₹25,000ಕ್ಕೆ ಏರಿತು, ಮೂರನೆಯದು ₹50,000 ಹಾಗೇ ಉಳಿಯಿತು. ಎರಡನೆಯ ಸಾಲ ತೀರಿಸಿದವರಿಗೆ ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡ್ ಕೂಡ ಉಂಟು. ಅಂದರೆ ನಿಮ್ಮ ಪ್ರಶ್ನೆಯ ‘ಈಗಲೂ’ ಎಂಬುದಕ್ಕೆ ಮೊದಲ ಉತ್ತರ ಇಲ್ಲಿದೆ.

ಎಡವುವುದು ಎಲ್ಲಿ? ಆಧಾರ್‌ಗೆ ಜೋಡಿಸಿದ ಫೋನ್ ಸಂಖ್ಯೆ ಬದಲಾಗಿರುತ್ತದೆ, ಒಟಿಪಿ ಮಗನ ಹಳೆಯ ಸಿಮ್ಮಿಗೆ ಹೋಗುತ್ತದೆ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು ಸೇರಿದ ಇನ್ನೊಂದು. ಹಳೆಯ ಸಣ್ಣ ಸಾಲವೊಂದು ಸುಸ್ತಿಯಾಗಿದ್ದರೆ ಬ್ಯಾಂಕು ಅರ್ಜಿಯನ್ನು ಸದ್ದಿಲ್ಲದೆ ಬದಿಗಿಡುತ್ತದೆ. ಎಲ್ಲಕ್ಕಿಂತ ದುಬಾರಿ ತಪ್ಪೆಂದರೆ ಮಳೆಗಾಲದಲ್ಲಿ ಕಂತು ಬಿಡುವುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗ ಮೀನೂ ಇಲ್ಲ, ಕಂತಿಗೆ ಹಣವೂ ಇಲ್ಲ. 90 ದಿನ ದಾಟಿದರೆ ಖಾತೆ ಅನುತ್ಪಾದಕ ಪಟ್ಟಿಗೆ ಸೇರುತ್ತದೆ, ಬಡ್ಡಿ ಸಹಾಯಧನ ನಿಲ್ಲುತ್ತದೆ, ಮುಂದಿನ ಹಂತದ ಸಾಲ ಮರೆತುಬಿಡಿ. ಆದ್ದರಿಂದ ಕರಾವಳಿಯವರು ಸಾಲವನ್ನು ಆಗಸ್ಟ್‌ನಲ್ಲಿ ತೆಗೆದುಕೊಂಡು, ಹಂಗಾಮಿನಲ್ಲಿ ಎರಡು ಕಂತು ಮುಂಗಡ ಕಟ್ಟಿಟ್ಟುಕೊಳ್ಳುವುದು ಜಾಣತನ. ಅವಧಿಗೆ ಮುಂಚೆ ಕಟ್ಟಿದರೆ ದಂಡವಿಲ್ಲ.

ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋಗುವುದಕ್ಕೂ ಸಮಯವೇ ಕಾರಣ. ಗಣತಿಯವರು ಹನ್ನೊಂದು ಗಂಟೆಗೆ ಬರುತ್ತಾರೆ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು ಆ ಹೊತ್ತಿಗೆ ಮನೆ ಸೇರಿರುತ್ತಾಳೆ. ಸಂಜೆಯ ಗೋಬಿ, ಪಾನಿಪೂರಿ ಗಾಡಿಗಳು ಇನ್ನೂ ಹೊರಬಿದ್ದಿರುವುದಿಲ್ಲ. ಕಾರವಾರದ ಭಾನುವಾರದ ಸಂತೆಗೆ ತರಕಾರಿ ತರುವವರು ಸೋಮವಾರದ ಗಣತಿಗೆ ಸಿಗುವುದಿಲ್ಲ. ಶಿರಸಿಯಲ್ಲಿ ಇನ್ನೊಂದು ತೊಡಕು: ಎರಡು ವರ್ಷಕ್ಕೊಮ್ಮೆಯ ಮಾರಿಕಾಂಬಾ ಜಾತ್ರೆಯ ಆಸುಪಾಸಿನಲ್ಲಿ ಎಣಿಸಿದರೆ ಪರವೂರಿನ ಅಂಗಡಿಗಳೇ ಪಟ್ಟಿ ತುಂಬುತ್ತವೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಕನಿಷ್ಠ ಐದು ವರ್ಷಕ್ಕೊಮ್ಮೆ ಸಮೀಕ್ಷೆ ಆಗಬೇಕೆನ್ನುತ್ತದೆ, ಅದು ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇದ್ದವರನ್ನು ಎಬ್ಬಿಸಬಾರದೆನ್ನುತ್ತದೆ, ಸ್ಥಳಾಂತರಕ್ಕೆ 30 ದಿನದ ನೋಟಿಸು ಕೇಳುತ್ತದೆ. ವಾರ್ಡು, ವಲಯ ಅಥವಾ ಊರಿನ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಹೊಂದಿಸುವುದು ಅದರ ಅಳತೆ. ಅರವತ್ತು ಸಾವಿರ ಜನರ ಊರಿಗೆ 1,500. ನಿಮ್ಮ ಊರಿನ ಪಟ್ಟಿಯಲ್ಲಿ ಎಷ್ಟಿದೆ ಎಂದು ಹೋಲಿಸಿ ನೋಡಿ. ಅದೇ ಕಾಯ್ದೆಯಡಿಯ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳಿಂದಲೇ ಆಯ್ಕೆಯಾದವರು, ಅವರಲ್ಲಿ ಮೂರನೇ ಒಂದರಷ್ಟು ಮಹಿಳೆಯರು ಇರಬೇಕು. ಈ ಸಮಿತಿ ಸಭೆ ಸೇರಿದೆಯೇ, ನಡಾವಳಿ ಇದೆಯೇ ಎಂಬುದು ಚೇತರಿಕೆ ನಿಧಿ ಎಷ್ಟು ಬಂತು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ.

ಇಲಾಖೆಗಳ ಕೊಳವೆಗಳನ್ನು ಬೇಗ ಹೇಳಿಬಿಡುತ್ತೇನೆ. 2020ರ ಮೇ ತಿಂಗಳ ಕೇಂದ್ರದ ಆತ್ಮನಿರ್ಭರ ಘೋಷಣೆಯಲ್ಲಿ ಬಂದ ತುರ್ತು ಸಾಲ ಖಾತ್ರಿ ಯೋಜನೆ ಮೊದಲಿಗೆ 2020ರ ಫೆಬ್ರುವರಿ 29ರ ಬಾಕಿ ಸಾಲದ ಶೇ 20ರಷ್ಟನ್ನು ಹೆಚ್ಚುವರಿಯಾಗಿ ಕೊಟ್ಟಿತು. ಮೊದಲೇ ಬ್ಯಾಂಕ್ ಸಾಲ ಇದ್ದವರಿಗಷ್ಟೇ ಉಪಯೋಗ, ಈಗ ಮುಗಿದ ಕಥೆ. ಅದೇ ಘೋಷಣೆಯ ಕಿರು ಆಹಾರ ಸಂಸ್ಕರಣಾ ಯೋಜನೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಹೇಳಿ ಮಾಡಿಸಿದ್ದು. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಸಿರಪ್ಪು, ಜೋನಿಬೆಲ್ಲ ಯಾವುದಕ್ಕೂ ಹೊಂದುತ್ತದೆ. ಯಂತ್ರ ಮತ್ತು ಘಟಕದ ವೆಚ್ಚಕ್ಕೆ ಕೇಂದ್ರದ ಶೇ 35ರ ಜೊತೆ ಕರ್ನಾಟಕ ಶೇ 15 ಸೇರಿಸಿ ಶೇ 50 ಮಾಡಿತು, ಮಿತಿ ₹15 ಲಕ್ಷ. ಕನಿಷ್ಠ ಶೇ 10 ನಿಮ್ಮದು, ಉಳಿದದ್ದು ಸಾಲ. ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ ₹40,000ದವರೆಗೆ ಬೀಜಧನವೂ ಇದೆ. ಅರ್ಜಿ ಹೋಗುವುದು ಕೃಷಿ ಇಲಾಖೆಯ ಜಿಲ್ಲಾ ಸಂಪನ್ಮೂಲ ವ್ಯಕ್ತಿಯ ಮೂಲಕ. ನಗರಸಭೆಯ ಪಾತ್ರ ಉದ್ದಿಮೆ ಪರವಾನಗಿ ಕೊಡುವಷ್ಟೇ, ಅಲ್ಲೇ ಕಡತ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುವುದೂ ಉಂಟು: ಮನೆ ವಾಸದ ಆಸ್ತಿಯಾಗಿ ನೋಂದಣಿಯಾಗಿರುತ್ತದೆ, ಅಡುಗೆಕೋಣೆಯ ಹಿಂದಿನ ಶೆಡ್ಡಿಗೆ ದಾಖಲೆಯೇ ಇರುವುದಿಲ್ಲ. ಯಂತ್ರದ ಕೊಟೇಶನ್ ತರುವ ಮೊದಲು ಇದನ್ನು ಸರಿಮಾಡಿಕೊಳ್ಳಿ. ಮೀನುಗಾರಿಕೆ ಇಲಾಖೆಯ ಮತ್ಸ್ಯ ಸಂಪದ ಯೋಜನೆಯಲ್ಲಿ ಐಸ್‌ಬಾಕ್ಸ್ ಸಹಿತ ದ್ವಿಚಕ್ರ ವಾಹನದ ಘಟಕ ವೆಚ್ಚ ₹75,000. ಮಹಿಳೆಯರಿಗೆ, ಪರಿಶಿಷ್ಟರಿಗೆ ಶೇ 60, ಅಂದರೆ ₹45,000 ಸಹಾಯಧನ, ಉಳಿದವರಿಗೆ ಶೇ 40. ಮೀನಿನಷ್ಟೇ ತೂಕದ ಐಸು ಬೇಕು ಎಂಬ ಲೆಕ್ಕದಲ್ಲಿ ನೂರು ಲೀಟರ್ ಪೆಟ್ಟಿಗೆಯಲ್ಲಿ ಹಿಡಿಯುವುದು ಸುಮಾರು 30 ಕೆ.ಜಿ. ಮೀನು. ಅದಕ್ಕಿಂತ ಹೆಚ್ಚು ತುಂಬಿ ಐಸು ಕಡಿಮೆ ಮಾಡಿದರೆ ಮಧ್ಯಾಹ್ನಕ್ಕೆ ಬೆಲೆ ಅರ್ಧ. ಈ ಎರಡೂ ಯೋಜನೆಗಳ ಅವಧಿ ವರ್ಷವರ್ಷ ವಿಸ್ತರಣೆಯಾಗುತ್ತ ಬಂದದ್ದು, ಚಾಲ್ತಿಯಲ್ಲಿದೆಯೇ ಎಂದು ಕೇಳಿಕೊಂಡೇ ಹೆಜ್ಜೆ ಇಡಿ.

ನಗರಸಭೆಯ ಸ್ವಂತ ನಿಧಿ ಮತ್ತು ರಾಜ್ಯ ಹಣಕಾಸು ಆಯೋಗದ ಮುಕ್ತ ನಿಧಿಯಲ್ಲಿ ಯಾರೂ ಕೇಳದೆ ಉಳಿಯುವ ಮೂಲೆಯೊಂದಿದೆ. ಶೇ 24.10 ಪರಿಶಿಷ್ಟ ಜಾತಿ-ಪಂಗಡಕ್ಕೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ. ಹಣಕಾಸು ಆಯೋಗದ ಹಣದಂತಲ್ಲ ಇದು. ಇಲ್ಲಿ ವೈಯಕ್ತಿಕ ಸೌಲಭ್ಯಕ್ಕೆ ಅವಕಾಶವಿದೆ. ಹೊಲಿಗೆ ಯಂತ್ರ ಹಂಚಿ ಫೋಟೋ ತೆಗೆಸಿಕೊಳ್ಳುವುದು ಎಲ್ಲೆಡೆಯ ವಾಡಿಕೆ. ಒಂದೇ ಬೀದಿಯಲ್ಲಿ ಹತ್ತು ಹೊಲಿಗೆ ಯಂತ್ರ ಬಂದರೆ ಹತ್ತೂ ಮೂಲೆ ಸೇರುತ್ತವೆ. ಬದಲಿಗೆ ತಳ್ಳುಗಾಡಿ, ತೂಕದ ಯಂತ್ರ, ಐಸ್‌ಬಾಕ್ಸ್ ಕೇಳಿ ಎಂದು ಹೇಳುತ್ತೇನೆ. ದಿನವೂ ಬಳಸುವ ಸಾಮಾನು ಮಾರಾಟವಾಗಿ ಹೋಗುವುದಿಲ್ಲ.

ಹಣ ಇದ್ದೂ ಕೆಲಸ ಆಗದಿರುವುದಕ್ಕೆ ದೊಡ್ಡ ಕಾರಣ ಕ್ಯಾಲೆಂಡರು. ಕ್ರಿಯಾಯೋಜನೆ ಸಾಮಾನ್ಯ ಸಭೆಯಲ್ಲಿ ಒಪ್ಪಿಗೆಯಾಗಿ ಜಿಲ್ಲಾಧಿಕಾರಿಗಳ ಅನುಮೋದನೆಗೆ ಹೋಗಬೇಕು, ಅಂದಾಜುಪಟ್ಟಿಗೆ ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರು, ಆಮೇಲೆ ಕಾರ್ಯಾದೇಶ. ನಮ್ಮ ಜಿಲ್ಲೆಯಲ್ಲಿ ಹೊರಗಿನ ಕೆಲಸ ನಡೆಯುವುದು ಅಕ್ಟೋಬರ್ ಕೊನೆಯಿಂದ ಮೇವರೆಗೆ. ಕಾರ್ಯಾದೇಶ ಸೆಪ್ಟೆಂಬರಿಗೆ ಸಿಕ್ಕರೆ ಕೆಲಸ ನೆಟ್ಟಗಾಗುತ್ತದೆ. ಜನವರಿಗೆ ಸಿಕ್ಕರೆ ಮಾರ್ಚ್ 31ರ ಬಿಲ್ಲಿಗಾಗಿ ಓಟ, ಕಾಂಕ್ರೀಟಿಗೆ ನೀರು ಹಾಕಲೂ ಪುರಸೊತ್ತಿಲ್ಲ. ಇದರ ಮೇಲೆ ಕೋವಿಡ್ ವರ್ಷದ ನಮ್ಮದೇ ಪಾಡು ಬೇರೆ. 2018ರ ಆಗಸ್ಟ್‌ನಲ್ಲಿ ಚುನಾವಣೆ ನಡೆದರೂ ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ನ್ಯಾಯಾಲಯದಲ್ಲಿ ಸಿಕ್ಕಿಕೊಂಡು 2020ರ ಕೊನೆಯವರೆಗೆ ಆಡಳಿತಾಧಿಕಾರಿಗಳೇ ನಡೆಸಿದರು. ಜನ ಅತಿ ಹೆಚ್ಚು ಕಷ್ಟದಲ್ಲಿದ್ದಾಗ ಆದ್ಯತೆ ಚರ್ಚಿಸಲು ಸಭೆಯೇ ಇರಲಿಲ್ಲ.

ಆದ್ದರಿಂದ ಮನವಿ ಕೊಡುವುದಿದ್ದರೆ ಡಿಸೆಂಬರ್, ಜನವರಿಯ ಬಜೆಟ್ ಪೂರ್ವಭಾವಿ ಸಭೆಗೆ ಕೊಡಿ. ಬಜೆಟ್ ಮಂಡನೆಯಾದ ಮೇಲೆ ಕೊಟ್ಟ ಮನವಿಗೆ ಸ್ವೀಕೃತಿ ಮುದ್ರೆ ಮಾತ್ರ ಸಿಗುತ್ತದೆ. ‘ಪೇಟೆ ಅಭಿವೃದ್ಧಿ ಮಾಡಿ’ ಎಂದು ಬರೆಯಬೇಡಿ. ಇಂತಿಷ್ಟು ಜನ ಕೂರುವ ಜಾಗ, ಎಷ್ಟು ನಲ್ಲಿ, ಎಷ್ಟು ದೀಪ, ಶೌಚಾಲಯ ಎಲ್ಲಿ, ಯಾವ ಕೆಲಸ ಯಾವ ಶೀರ್ಷಿಕೆಗೆ ಎಂದು ಒಂದು ಪುಟದ ನಕ್ಷೆ ಸಹಿತ ಬರೆಯಿರಿ. 2026ರ ಏಪ್ರಿಲ್‌ನಿಂದ ಆಚೆಗಿನ ಅನುದಾನ 16ನೇ ಆಯೋಗದ ಲೆಕ್ಕಕ್ಕೆ ಬರುತ್ತದೆ. ಶೀರ್ಷಿಕೆ, ಶೇಕಡಾ ಯಾವುದೆಂದು ಲೆಕ್ಕ ಶಾಖೆಯಲ್ಲಿ ಕೇಳಿ ಹೊಂದಿಸಿಕೊಳ್ಳಿ.

ಹಿಂದಿನ ಹಣ ಎಲ್ಲಿ ಹೋಯಿತು ಎಂಬುದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಸಾಕು. ಶುಲ್ಕ ₹10. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. 2020-21ರಿಂದ ಇಂದಿನವರೆಗೆ 15ನೇ ಹಣಕಾಸು ಆಯೋಗದ ಅನುದಾನದ ವರ್ಷವಾರು ಕ್ರಿಯಾಯೋಜನೆ, ಬಳಕೆ ಪ್ರಮಾಣಪತ್ರ, ಮಾರ್ಚ್ 31ರ ಬ್ಯಾಂಕ್ ಶಿಲ್ಕು ಇವಿಷ್ಟನ್ನೇ ಕೇಳಿ. ‘ದುರುಪಯೋಗವಾಗಿದೆಯೇ’ ಎಂದು ಕೇಳಿದರೆ ಅದು ಅಭಿಪ್ರಾಯ, ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಪಟ್ಟಣ ವ್ಯಾಪಾರ ಸಮಿತಿಯ ನಡಾವಳಿಗೆ ಎರಡನೆಯ ಅರ್ಜಿ ಬೇರೆಯೇ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. ಬಂದಾಗ ಮೊದಲು ನೋಡಬೇಕಾದ ಸಾಲು ಖರ್ಚಾದದ್ದಲ್ಲ, ಶಿಲ್ಕು. ನೀರು ಮತ್ತು ನೈರ್ಮಲ್ಯದ ಪಾಲಿನಲ್ಲಿ ಉಳಿಕೆ ಇದ್ದರೆ ನಿಮ್ಮ ಸಂತೆಮಾಳದ ನಲ್ಲಿ, ಶೌಚಾಲಯಕ್ಕೆ ಹೊಸ ಅನುದಾನ ಕಾಯಬೇಕಿಲ್ಲ.